ಪ್ರೂಫಣ್ಣನ ನಿದ್ದೆ ಮತ್ತು ಹುಲ್ಲಿನ ಮಿಷನ್ನು

ಪ್ರೂಫಣ್ಣನ ನಿದ್ದೆಗೆ ಶತ್ರುವಾಗಿ ಗಂಟುಬಿದ್ದದ್ದು ಒಂದು ಹಗ್ಗ.

ಕಿರುಬೆರಳಿಗಿಂತ ಸಣ್ಣದು, ತುದಿಗೊಂದು ಕಪ್ಪು ಹಿಡಿ, ನೋಡಲು ಸಾಧು. ಅದರ ಉಳಿದ ಭಾಗ ಪಕ್ಕದ ಮನೆಯ ಪೋಸ್ಟ್ ಮಾಸ್ತರರ ಹುಲ್ಲು ಕತ್ತರಿಸುವ ಮಿಷನ್ನಿನ ಹೊಟ್ಟೆಯೊಳಗೆ ಸುತ್ತಿಕೊಂಡು ಕೂತಿತ್ತು. ದಿನಾ ಬೆಳಿಗ್ಗೆ ಮಾಸ್ತರರು ಆ ಹಿಡಿ ಹಿಡಿದು ಎಳೆಯುತ್ತಿದ್ದರು. ಮಿಷನ್ನು 'ಜರ್ರ್ರ್... ಫುಸ್' ಅನ್ನುತ್ತಿತ್ತು. ಮತ್ತೆ ಎಳೆಯುತ್ತಿದ್ದರು. ಮತ್ತೆ 'ಜರ್ರ್ರ್... ಫುಸ್'. ಒಂದೇ ಸಮನೆ ಗದ್ದಲವಾದರೆ ಮನುಷ್ಯ ಹೇಗೋ ಒಗ್ಗಿಕೊಂಡು ಮಲಗಿಯಾನು. ಬಂದೇಬಿಟ್ಟಿತು ಅನ್ನಿಸಿ ಬಾರದೆ ಹೋಗುವ ಸೀನಿನಂಥ ಈ ಸದ್ದಿಗೆ ಒಗ್ಗಿಕೊಳ್ಳುವುದು ಯಾರಿಂದ ಸಾಧ್ಯ?

ಪ್ರೂಫಣ್ಣ ಪತ್ರಿಕೆಯೊಂದರ ಕಚೇರಿಯಲ್ಲಿ ರಾತ್ರಿ ಪಾಳಿಯ ಪ್ರೂಫ್ ರೀಡರ್. ಊರೆಲ್ಲ ಮಲಗಿದಾಗ ಅವನು ದೀರ್ಘ, ಒತ್ತು, ಸೊನ್ನೆಗಳನ್ನು ಹುಡುಕುತ್ತ ಕೂರುತ್ತಿದ್ದ. ಊರು ಏಳುವ ಹೊತ್ತಿಗೆ ಮನೆಗೆ ಬಂದು, ದಿಂಬಿಗೆ ತಲೆ ಕೊಡುತ್ತಿದ್ದ. ಅವನ ಮಲಗುವ ಕೋಣೆಯ ಕಿಟಕಿ ತೆರೆಯುತ್ತಿದ್ದದ್ದು ನೇರವಾಗಿ ಮಾಸ್ತರರ ಹುಲ್ಲಂಗಳಕ್ಕೆ. ಇನ್ನು ಬೀದಿಯವರ ಲೆಕ್ಕದಲ್ಲಿ, ಹಗಲು ಹೊತ್ತು ಮನೆಯಲ್ಲಿರುವ ಗಂಡಸು ಎಂದರೆ ಕೆಲಸವಿಲ್ಲದ ಗಂಡಸು. ಗ್ಯಾಸಿನ ಸಿಲಿಂಡರ್ ಇಳಿಸಿಕೊಳ್ಳಲು ಅವನು, ಕಳೆದ ಬೆಕ್ಕನ್ನು ಹುಡುಕಲು ಅವನು.

ಆ ದಿನ ಬೆಳಿಗ್ಗೆ ಅವನು ಮನೆಗೆ ಬಂದದ್ದು ಎಂದಿಗಿಂತ ಭಾರವಾಗಿ. ಹಿಂದಿನ ದಿನದ ಪತ್ರಿಕೆಯಲ್ಲಿ, 'ಸಂಘದ ಅಧ್ಯಕ್ಷರು ದಾನಿಗಳನ್ನು ಬಾಯ್ತುಂಬ ಹೊಗಳಿದರು' ಎಂದಿರಬೇಕಾದಲ್ಲಿ 'ಬಾಯ್ತುಂಬ ಬೊಗಳಿದರು' ಎಂದು ಅಚ್ಚಾಗಿತ್ತು. ಅಧ್ಯಕ್ಷರು ಕಚೇರಿಗೇ ಬಂದು, ಅಚ್ಚಾದದ್ದು ನಿಜವೆನ್ನಿಸುವ ಹಾಗೆ ಕೂಗಾಡಿ ಹೋಗಿದ್ದರು. ಸುದ್ದಿ ಸಂಪಾದಕರು ಪ್ರೂಫಣ್ಣನನ್ನು ಕರೆದು, "ನಿದ್ದೆಗಣ್ಣಲ್ಲಿ ಕೆಲಸ ಮಾಡ್ತೀರೇನ್ರೀ? ಇನ್ನೊಂದು ಇಂಥದು ಬಂದ್ರೆ ನಾಳೆಯಿಂದ ಕೆಳಗೆ ಹೋಗಿ ಪೇಪರ್ ಕಟ್ಟು ಎಣಿಸಿ" ಎಂದಿದ್ದರು. ನಿದ್ದೆಗಣ್ಣೇ ನಿಜ. ಆ ಕಣ್ಣಿಗೆ ಕಾರಣ ಹಗ್ಗ ಎಂದು ಹೇಳಿದರೆ ನಂಬುವವರು ಯಾರು?

ಮನೆಗೆ ಬಂದು, ಕಿಟಕಿ ಮುಚ್ಚಿ, ಕಿವಿಗೆ ಹತ್ತಿ ತುರುಕಿ, ತಲೆಯ ಮೇಲೊಂದು ದಿಂಬು ಹಾಕಿಕೊಂಡು ಮಲಗಿದ. ರೆಪ್ಪೆ ಕೂಡಿತು.

'ಜರ್ರ್ರ್... ಫುಸ್.'

ಪ್ರೂಫಣ್ಣ ಎದ್ದ. ಪೈಜಾಮದಲ್ಲೇ, ಒಂದು ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಪಕ್ಕದ ಮನೆಯ ಗೇಟು ತೆಗೆದ. ಮೊಣಕಾಲುದ್ದ ಬೆಳೆದ ಹುಲ್ಲಿನ ನಡುವೆ ನಿವೃತ್ತ ಪೋಸ್ಟ್ ಮಾಸ್ತರರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಅವರ ಕಾಲ ಬಳಿ, ಅಳಿಯ ವರ್ಷಗಟ್ಟಲೆ ಬಳಸಿ ಉಡುಗೊರೆಯಾಗಿ ಕೊಟ್ಟ ಕೆಂಪು ಬಣ್ಣದ ಮಿಷನ್ನು ಮುನಿಸಿಕೊಂಡ ಮಗುವಿನ ಹಾಗೆ ಮುಖ ಊದಿಸಿಕೊಂಡು ಕೂತಿತ್ತು.

"ಮಾಸ್ತರೇ, ಇದನ್ನ ಯಾರಿಗಾದ್ರೂ ತೋರಿಸಬಾರ್ದಾ?"

"ತೋರಿಸೋದೇನಿದೆ? ಹಳೇ ಮಿಷನ್ನು. ಅದರ ಆಯಸ್ಸು ಮುಗೀತು ಅಂತ ಕಾಣುತ್ತೆ" ಎಂದು ಮಾಸ್ತರರು ಒಳಬಾಗಿಲ ಕಡೆ ತಿರುಗಿ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. "ನಾನಂತೂ ದಿನಾ ಪ್ರಯತ್ನ ಪಡ್ತಾನೇ ಇದ್ದೀನಿ."

ಒಳಗಿನಿಂದ ಮಾಸ್ತರರ ಹೆಂಡತಿ ಬಂದರು. ಇಡೀ ಬೀದಿ ಅವರನ್ನು ಅಮ್ಮಾವ್ರು ಎನ್ನುತ್ತಿತ್ತು, ಮಾಸ್ತರರೂ ಸೇರಿ. "ಸರ್ವಿಸ್ ಮಾಡಿಸಿದ್ರೆ ತಾನೆ ಮಿಷನ್ನು ನಡಿಯೋದು? ತಂದ ದಿನದಿಂದ ಒಂದು ಹನಿ ಎಣ್ಣೆ ಬದಲಾಯಿಸಿಲ್ಲ ಇವರು. ಪ್ರೂಫಣ್ಣ, ನೀವಾದ್ರೂ ಸ್ವಲ್ಪ ನೋಡ್ತೀರಾ? ಹೇಗೂ ಮನೇಲೇ ಇದ್ದೀರಲ್ಲ."

ಬೇರೆ ದಿನವಾಗಿದ್ದರೆ ಪ್ರೂಫಣ್ಣ ಏನೋ ನೆಪ ಹೇಳಿ ಜಾರಿಕೊಳ್ಳುತ್ತಿದ್ದ. ಆದರೆ ಪೇಪರ್ ಕಟ್ಟುಗಳು ಕಣ್ಣ ಮುಂದೆ ಕುಣಿದವು. ಒಂದು ಸಲ ಈ ಮಿಷನ್ನು ಸರಿಹೋದರೆ, ಮಾಸ್ತರರು ಅರ್ಧ ಗಂಟೆಯಲ್ಲಿ ಹುಲ್ಲು ಕತ್ತರಿಸಿ ಮುಗಿಸುತ್ತಾರೆ. ಆಮೇಲೆ ಹುಲ್ಲು ಮತ್ತೆ ಬೆಳೆಯುವವರೆಗೆ ನಿದ್ದೆಯೋ ನಿದ್ದೆ. "ಮಾಡೋಣಮ್ಮ" ಎಂದ.

ಮಾಸ್ತರರ ಮುಖ ಒಂದು ಕ್ಷಣ ಬಾಡಿ, ಆಮೇಲೆ ಯಾಕೋ ಅರಳಿತು. "ಮಾಡಿ, ಮಾಡಿ. ನಿಮ್ಮ ಕೈಲೂ ಆಗದಿದ್ರೆ ಇನ್ನು ಯಾರ ಕೈಲೂ ಆಗಲ್ಲ ಅಂತ ತಿಳ್ಕೊಳ್ಳೋಣ" ಎಂದು ಕುರ್ಚಿ ತಂದು ನೆರಳಲ್ಲಿ ಹಾಕಿಕೊಂಡು ಕೂತರು.

ಮಿಷನ್ನಿನ ಜೊತೆ ಬಂದ ಪುಸ್ತಿಕೆಯನ್ನು ಅಮ್ಮಾವ್ರು ಕಪಾಟಿನಿಂದ ತೆಗೆದುಕೊಟ್ಟರು. ಅದನ್ನು ಕನ್ನಡಕ್ಕೆ ತಂದವರು ಯಾರೋ ಅವಸರದ ಮನುಷ್ಯರು. ಮೊದಲ ಪುಟದಲ್ಲೇ 'ಐವತ್ತು ಗಂಟೆ ಓಡಿಸಿದ ನಂತರ ತಪ್ಪದೆ ತಲೆ ಬದಲಾಯಿಸಿ' ಎಂದಿತ್ತು. ಪ್ರೂಫಣ್ಣನ ಕೈ ತಾನಾಗಿ ಜೇಬಿಗೆ ಹೋಯಿತು. ಪೈಜಾಮದ ಜೇಬಿನಲ್ಲೂ ಕೆಂಪು ಪೆನ್ನು ಇಟ್ಟುಕೊಳ್ಳುವವನು ಅವನು. 'ತಲೆ'ಯನ್ನು ಹೊಡೆದು ಹಾಕಿ 'ತೈಲ' ಎಂದು ತಿದ್ದಿದ. ಸ್ವಲ್ಪ ಕೆಳಗೆ 'ಹಗ್ಗ ಎಳೆಯುವ ಮೊದಲು ಪೆಟ್ರೋಲ್ ನಲ್ಲಿ ತೆರೆಯಿರಿ' ಎಂದಿತ್ತು. ವಿಭಕ್ತಿ ಪ್ರತ್ಯಯವನ್ನು ಹೀಗೆ ಬಿಡಿಸಿ ಬರೆಯುವವರನ್ನು ಕಂಡರೆ ಅವನಿಗೆ ಮೈಯುರಿ. ಎರಡನ್ನೂ ಕೂಡಿಸಿ 'ಪೆಟ್ರೋಲ್‌ನಲ್ಲಿ' ಎಂದು ಗುರುತು ಹಾಕಿದ. ಪೆಟ್ರೋಲ್‌ನಲ್ಲಿ ಏನನ್ನು ತೆರೆಯಬೇಕು? ಕರ್ಮಪದವೇ ಇಲ್ಲ. ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೆದು ಮುಂದಕ್ಕೆ ಹೋದ.

ಕೆಲಸವನ್ನೇನೋ ಅವನು ಅಚ್ಚುಕಟ್ಟಾಗಿ ಶುರು ಮಾಡಿದ. ಆಕಸ್ಮಿಕವಾಗಿ ಬ್ಲೇಡು ತಿರುಗಿಬಿಡಬಾರದೆಂದು ಮೊದಲು ಪ್ಲಗ್ಗಿನ ವೈರು ಕಿತ್ತು ಪಕ್ಕಕ್ಕೆ ಸರಿಸಿದ. ಹಳೇ ಪೆಟ್ರೋಲನ್ನು ಟ್ಯಾಂಕಿನ ಬಾಯಿಂದಲೇ ಸಣ್ಣ ಕೊಳವೆ ಇಳಿಬಿಟ್ಟು ಡಬ್ಬಿಗೆ ಇಳಿಸಿದ. ಕೆಳಗಿನ ಬಿರಡೆ ಬಿಚ್ಚಿದಾಗ ಎಣ್ಣೆ ಬರಲಿಲ್ಲ. ಡಾಂಬರಿನಂಥದ್ದು ಏನೋ ಒಂದು, ಬರಲೋ ಬೇಡವೋ ಎಂದು ಯೋಚಿಸುತ್ತ ಬಂತು. ಗಾಳಿ ಸೋಸುವ ಸ್ಪಂಜನ್ನು ಸೋಪು ನೀರಲ್ಲಿ ಹಿಂಡಿದ. ಅದರಿಂದ ಇಳಿದ ಕೊಳೆ ನೋಡಿದರೆ ಮಾಸ್ತರರ ಅರ್ಧ ಅಂಗಳ ಅದರೊಳಗೇ ಇದ್ದಂತಿತ್ತು. ಪ್ಲಗ್ಗು ಬಿಚ್ಚಿ ತಂತಿ ಬ್ರಷ್ಷಿನಿಂದ ಉಜ್ಜುವ ಹೊತ್ತಿಗೆ ಸರಿಯಾಗಿ, ಎದುರು ಮನೆಯ ಬಸ್ ಡ್ರೈವರ್ ಕಾಂಪೌಂಡಿನ ಮೇಲೆ ಗದ್ದ ಊರಿದ.

"ಏನ್ ಪ್ರೂಫಣ್ಣ, ಎಂಜಿನ್ ಕೆಲಸಾನಾ? ಎಲ್ಲಿ, ಪ್ಲಗ್ ತೋರ್ಸಿ. ಅಬ್ಬಾ, ಎಷ್ಟು ಚೆನ್ನಾಗಿ ಒಣಗಿದೆ! ಒಣಗಿದ ಪ್ಲಗ್ಗು ಅಂದ್ರೆ ಎಂಜಿನ್ ಆರೋಗ್ಯವಾಗಿದೆ ಅಂತ."

"ಹೌದಾ?"

"ನಮ್ಮ ಬಸ್ಸಿಗೆ ಪ್ಲಗ್ಗೇ ಇಲ್ಲ, ಡೀಸೆಲ್ ನೋಡಿ. ಆದ್ರೂ ಹೇಳ್ತೀನಿ."

ಅವನ ಹಿಂದೆಯೇ ಮೂಲೆ ಮನೆಯ ಟೈಲರ್ ಬಂದ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಲೋಕದ ಯಂತ್ರಗಳೆಲ್ಲ ಹೊಲಿಗೆ ಮಿಷನ್ನಿನ ದೂರದ ಬಂಧುಗಳು ಎಂಬುದು ಅವನ ನಂಬಿಕೆ. ಬ್ಲೇಡಿಗೆ ಬೆರಳಿಟ್ಟು, "ಕತ್ತರಿ ಮೊಂಡಾಗಿದೆ. ಇದರಲ್ಲಿ ನಾನು ಗೋಣಿಚೀಲಾನೂ ಕತ್ತರಿಸಲ್ಲ" ಎಂದು ತೀರ್ಪು ಕೊಟ್ಟು, ಅದನ್ನು ಬಿಚ್ಚಿ ತೆಗೆದುಕೊಂಡು ಸಾಣೆ ಹಿಡಿಸಲು ಹೋದ. ಬ್ಲೇಡು ಇಲ್ಲದ್ದರಿಂದ ಎಲ್ಲ ಕೆಲಸವೂ ಅಲ್ಲಿಗೇ ನಿಂತಿತು. ಪ್ರೂಫಣ್ಣ ಅಷ್ಟರಲ್ಲಿ ಒಂದು ಕೋಳಿನಿದ್ದೆ ತೆಗೆಯೋಣವೆಂದು ಮನೆಗೆ ಓಡಿದ.

ಮಂಚದ ಮೇಲೆ ಹಾಸಿಗೆ ಇತ್ತು. ಹಾಸು, ಹೊದಿಕೆ, ದಿಂಬಿನ ಕವರು, ಯಾವುದೂ ಇರಲಿಲ್ಲ. ಕಿಟಕಿಯ ಪರದೆಯೂ ಮಾಯ. ಬಿಸಿಲು ನೇರವಾಗಿ ಬಂದು ಅವನ ಜಾಗದಲ್ಲಿ ಮಲಗಿತ್ತು.

"ಏನೇ ಇದು?"

"ನೀವು ಎದ್ದು ಹೋದ್ರಲ್ಲ ರೀ, ಇವತ್ತು ಮಲಗಲ್ಲ ಅಂದ್ಕೊಂಡೆ" ಎಂದಳು ಹೆಂಡತಿ, ತೋಳಿನವರೆಗೂ ಸೋಪಿನ ನೊರೆ. "ನೀವು ದಿನಾ ಹಗಲು ಮಲಗಿದ್ರೆ ನಾನು ಇದನ್ನೆಲ್ಲ ಒಗೆಯೋದು ಯಾವಾಗ? ಇಕೊಳ್ಳಿ, ಹೊರಗೆ ಹೋಗ್ತಾ ಇದನ್ನ ತಂತಿ ಮೇಲೆ ಹಾಕಿ ಹೋಗಿ."

ಒದ್ದೆ ಹಾಸು ಹೊದಿಕೆಗಳನ್ನು ಕಾಂಪೌಂಡಿನ ಪಕ್ಕದ ತಂತಿಗೆ ಹರವಿ ಪ್ರೂಫಣ್ಣ ಮತ್ತೆ ಅಂಗಳಕ್ಕೆ ಬಂದ. ಅವನು ಇಲ್ಲದಿದ್ದಾಗ ಅಲ್ಲಿ ಸಹಾಯದ ಮಹಾಪೂರವೇ ಹರಿದಿತ್ತು. ಹೊರಡುವ ಮುಂಚೆಯೇ ಅವನು ಎಣ್ಣೆ ಅಳೆಯುವ ಕಡ್ಡಿಯ ಗುರುತಿಗೆ ಸರಿಯಾಗಿ ಹೊಸ ಎಣ್ಣೆ ಹಾಕಿದ್ದ. 'ಎಂಜಿನ್ನಿಗೆ ಎಣ್ಣೆ ಅಂದ್ರೆ ಅನ್ನ ಇದ್ದ ಹಾಗೆ' ಎಂದು ಡ್ರೈವರ್ ಅದರ ಮೇಲೆ ಒಂದಿಷ್ಟು ಸುರಿದಿದ್ದ. ಬ್ಲೇಡು ಹಿಡಿದು ವಾಪಸು ಬಂದ ಟೈಲರ್ ತನ್ನ ಹೊಲಿಗೆ ಮಿಷನ್ನಿನ ಎಣ್ಣೆ ಬಾಟಲಿಯನ್ನು ಪೂರ್ತಿ ಬಗ್ಗಿಸಿದ್ದ. ಇಬ್ಬರೂ ಹಾಕಿದ್ದನ್ನು ನೋಡದ ಅಮ್ಮಾವ್ರು, ತಮ್ಮ ಕೈಯಿಂದಲೂ ಇರಲಿ ಎಂದು ಉಳಿದ ಡಬ್ಬಿಯನ್ನು ಖಾಲಿ ಮಾಡಿದ್ದರು. ಬ್ಲೇಡು ಸೇರಿಸಲು ಅನುಕೂಲವಾಗಲೆಂದು ಮಾಸ್ತರರು ಮಿಷನ್ನನ್ನು ಮಗ್ಗುಲಾಗಿ ಮಲಗಿಸಿದ್ದರು, ಪುಸ್ತಿಕೆ ಎಲ್ಲಕ್ಕಿಂತ ಮೊದಲು ಬೇಡವೆಂದ ಮಗ್ಗುಲಿಗೆ. ತುಂಬಿದ ಎಣ್ಣೆ ಒಳಗೊಳಗೇ ಎಲ್ಲೆಲ್ಲಿ ಹೋಗಬಾರದೋ ಅಲ್ಲೆಲ್ಲ ಸದ್ದಿಲ್ಲದೆ ಹೋಗಿ ಕೂತಿತು.

ಪ್ರೂಫಣ್ಣನಿಗೆ ಇದಾವುದನ್ನೂ ಯಾರೂ ಹೇಳಲಿಲ್ಲ. ಸಹಾಯ ಮಾಡಿದ್ದನ್ನು ಹೇಳಿಕೊಳ್ಳುವ ಸ್ವಭಾವ ಆ ಬೀದಿಯವರದಲ್ಲ.

ಬ್ಲೇಡು ಬಿಗಿಯಾಯಿತು, ಸ್ಪಂಜು ಸೇರಿತು, ಹೊಸ ಪೆಟ್ರೋಲು ಬಿತ್ತು, ಪ್ಲಗ್ಗಿನ ವೈರು ಸ್ವಸ್ಥಾನಕ್ಕೆ ಬಂತು. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಪ್ರೂಫಣ್ಣ ಹಗ್ಗ ಎಳೆದ.

'ಜರ್ರ್ರ್... ಫುಸ್.'

"ನೋಡಿದೆಯಾ?" ಎಂದರು ಮಾಸ್ತರರು ಹೆಂಡತಿಗೆ. ದನಿಯಲ್ಲಿ ದುಃಖವೇನೂ ಇರಲಿಲ್ಲ. "ನಾನೊಬ್ಬನೇ ಅಲ್ಲ."

ಪ್ರೂಫಣ್ಣ ಮತ್ತೆ ಎಳೆದ. ಡ್ರೈವರ್ ಎಳೆದ. ಟೈಲರ್ ಎಳೆದು, ಕೈ ಜಾರಿ, ಹುಲ್ಲಿನಲ್ಲಿ ಅಂಗಾತ ಬಿದ್ದು, ಹುಲ್ಲು ಅಷ್ಟು ಎತ್ತರವಿದ್ದದ್ದರಿಂದ ಸ್ವಲ್ಪ ಹೊತ್ತು ಯಾರಿಗೂ ಕಾಣಿಸಲೇ ಇಲ್ಲ. ಅಮ್ಮಾವ್ರು ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೂ ಎಳೆದರು. ಪ್ರತಿ 'ಫುಸ್'ಗೂ ಮಾಸ್ತರರ ಬೆನ್ನು ಕುರ್ಚಿಯಲ್ಲಿ ಇನ್ನಷ್ಟು ಹಿತವಾಗಿ ಒರಗುತ್ತಿತ್ತು. "ಪಾಪ, ಅದನ್ನ ಇನ್ನು ಹಿಂಸೆ ಮಾಡ್ಬೇಡಿ. ಗುಜರಿಗೆ ಹಾಕೋಣ" ಎಂದರು. "ಹುಲ್ಲು ಇದ್ರೆ ಅದೂ ಒಂದು ಚಂದವೇ."

ಮಧ್ಯಾಹ್ನ ಇಳಿಯುತ್ತಿತ್ತು. ಪ್ರೂಫಣ್ಣನ ತೋಳುಗಳು ಬೇರೆ ಯಾರದೋ ಅನ್ನಿಸತೊಡಗಿದವು. ಅವನು ಮಿಷನ್ನಿನ ಪಕ್ಕದಲ್ಲೇ ಹುಲ್ಲಿನ ಮೇಲೆ ಕುಸಿದು, ಅದರ ಹಿಡಿಗೆ ತಲೆಯಾನಿಸಿ, ಕಣ್ಣು ಮುಚ್ಚಿದ. ಸುತ್ತ ಮಾತು ನಡೆದೇ ಇತ್ತು. ಅದು ದೂರವಾಗುತ್ತ ಬಂತು. ಬೆಳಗಿನಿಂದ ಕಾದಿದ್ದ ನಿದ್ದೆ ಕೊನೆಗೂ ಬಂದು ಅವನ ಭುಜದ ಮೇಲೆ ಕೈಯಿಟ್ಟಿತು. ಅರೆನಿದ್ದೆಯಲ್ಲಿ, ವೃತ್ತಿಯ ಶಾಪವೆಂಬಂತೆ, ಅವನೆದುರು ಅಕ್ಷರಗಳು ತೇಲಿದವು. ಪೆಟ್ರೋಲ್. ಖಾಲಿ ಜಾಗ. ನಲ್ಲಿ. ತೆರೆಯಿರಿ. ಅವನು ಆ ಜಾಗವನ್ನು ಮುಚ್ಚಲು ಹೋದ. ಜಾಗ ಮುಚ್ಚಿಕೊಳ್ಳಲು ಒಪ್ಪಲಿಲ್ಲ. ಪೆಟ್ರೋಲ್... ನಲ್ಲಿ. ನೀರಿಗೆ ನಲ್ಲಿ ಇರುವ ಹಾಗೆ.

"ನಲ್ಲಿ!" ಎಂದು ಕಿರುಚಿ ಅವನು ಎದ್ದು ನಿಂತ.

ಡ್ರೈವರ್ ಬೆಚ್ಚಿಬಿದ್ದ. "ಏನಾಯ್ತು ಪ್ರೂಫಣ್ಣ? ನೀರು ಬೇಕಾ?"

"ಅದು ವಿಭಕ್ತಿ ಪ್ರತ್ಯಯ ಅಲ್ಲ ರೀ, ನಲ್ಲಿ! ಟ್ಯಾಪು! ಪೆಟ್ರೋಲಿನ ಟ್ಯಾಪು!" ಅವನು ಮೊಣಕಾಲೂರಿ ಟ್ಯಾಂಕಿನ ಕೆಳಗೆ ತಡಕಾಡಿದ. ಇತ್ತು. ಹೆಬ್ಬೆರಳ ಗಾತ್ರದ ಪುಟ್ಟ ತಿರುಗಣೆ, ಪೂರ್ತಿ ಮುಚ್ಚಿತ್ತು. ಆನಂದದಿಂದ ಅವನಿಗೆ ಕಣ್ಣೀರು ಬರುವುದೊಂದು ಬಾಕಿ. "ಬನ್ನಿ, ಎಲ್ರೂ ಬನ್ನಿ, ನೋಡಿ! ಅಮ್ಮಾ, ನೀವೂ ಬಗ್ಗಿ ನೋಡಿ. ಇದು ಅಡ್ಡ ಇದ್ರೆ ಮುಚ್ಚಿದೆ ಅಂತ, ಉದ್ದ ಇದ್ರೆ ತೆರೆದಿದೆ ಅಂತ. ಮುಚ್ಚಿದ್ರೆ ಎಂಜಿನ್ನಿಗೆ ಒಂದು ಹನಿ ಪೆಟ್ರೋಲೂ ಹೋಗಲ್ಲ. ಗೊತ್ತಾಯ್ತಾ? ಅಡ್ಡ, ಉದ್ದ!"

ಎಲ್ಲರೂ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಅಮ್ಮಾವ್ರು ಕನ್ನಡಕ ಹಾಕಿಕೊಂಡು ಬಂದು, ಕೈಯಾರೆ ಅಡ್ಡ ಉದ್ದ ತಿರುಗಿಸಿ, ಮನದಟ್ಟು ಮಾಡಿಕೊಂಡರು. ಮಾಸ್ತರರು ಮಾತ್ರ ಕುರ್ಚಿಯಿಂದ ಏಳಲಿಲ್ಲ.

ಪ್ರೂಫಣ್ಣ ಟ್ಯಾಪು ತೆರೆದು ಹಗ್ಗ ಎಳೆದ.

ಮಿಷನ್ನು ಗುಡುಗಿತು. ಗುಡುಗಿ, ಅಷ್ಟು ಜನ ಪ್ರೀತಿಯಿಂದ ಕುಡಿಸಿದ ಎಣ್ಣೆಯನ್ನೆಲ್ಲ ಬಿಳಿ ಹೊಗೆಯಾಗಿ ಕಾರಿತು. ಮೊದಲು ಡ್ರೈವರ್ ಮಾಯವಾದ, ಆಮೇಲೆ ಟೈಲರ್, ಆಮೇಲೆ ಅಂಗಳ. ಕೆಮ್ಮುಗಳಷ್ಟೇ ಉಳಿದವು. ಗಾಳಿ ಆ ಹೊಗೆಯನ್ನು ಎತ್ತಿಕೊಂಡು ನಿಧಾನವಾಗಿ ಕಾಂಪೌಂಡು ದಾಟಿಸಿತು. ತಂತಿಯ ಮೇಲಿನ ಹಾಸು ಹೊದಿಕೆಗಳಲ್ಲಿ ಒಂದಷ್ಟನ್ನು ಬಿಟ್ಟು, ಉಳಿದದ್ದನ್ನು ಪರದೆಯಿಲ್ಲದ ಕಿಟಕಿಯಿಂದ ಪ್ರೂಫಣ್ಣನ ಮಲಗುವ ಕೋಣೆಯೊಳಕ್ಕೆ ಕಳಿಸಿತು.

"ರೀ!" ಎಂಬ ಕೂಗು ಹೊಗೆಯ ಆಚೆಯಿಂದ ಬಂತು. ಆ ಒಂದು ಅಕ್ಷರದಲ್ಲಿ ಏನೇನು ಅಡಗಿದೆ ಎಂಬುದು ಪ್ರೂಫಣ್ಣನಿಗೆ ಯಾವ ತಿದ್ದುಪಡಿಯೂ ಇಲ್ಲದೆ ಅರ್ಥವಾಯಿತು.

ಮಿಷನ್ನನ್ನು ಆರಿಸಿದರು. ಹೆಚ್ಚಿನ ಎಣ್ಣೆಯನ್ನು ಬಸಿದು ಗುರುತಿಗೆ ತಂದರು. ಯಾರ್ಯಾರು ಎಷ್ಟೆಷ್ಟು ಸುರಿದಿದ್ದರೆಂಬುದು ಆಗ ಹೊರಬಿತ್ತು; ಪ್ರತಿಯೊಬ್ಬರೂ ಮಿಕ್ಕವರದೇ ತಪ್ಪೆಂದರು. ಎರಡನೇ ಸಲ ಹಗ್ಗ ಎಳೆದಾಗ ಎಂಜಿನ್ನು ಒಂದೇ ಎಳೆತಕ್ಕೆ ಎದ್ದು, ಒಂದಷ್ಟು ಹೊತ್ತು ಕೆಮ್ಮಿ, ಹದಕ್ಕೆ ಬಂದು, ತಂಬೂರಿಯ ಹಾಗೆ ಒಂದೇ ಶ್ರುತಿ ಹಿಡಿಯಿತು. ಪ್ರೂಫಣ್ಣ ನಾಲ್ಕು ಹೆಜ್ಜೆ ತಳ್ಳಿದ. ಹುಲ್ಲಿನಲ್ಲಿ ಬೈತಲೆ ತೆಗೆದಂತೆ ನೇರವಾದ ಹಸಿರು ದಾರಿಯೊಂದು ಮೂಡಿತು.

ಅಮ್ಮಾವ್ರು ಚಪ್ಪಾಳೆ ತಟ್ಟಿದರು. "ಇದಪ್ಪಾ ಕೈಗುಣ ಅಂದ್ರೆ! ಇವರ ಕೈಗೆ ಇಷ್ಟು ದಿನ ಬಗ್ಗದ್ದು ನಿಮಗೆ ಹೇಗೆ ಬಗ್ಗಿತು ನೋಡಿ. ಇನ್ಮೇಲೆ ಇವರು ಮುಟ್ಟೋದೇ ಬೇಡ, ಮುಟ್ಟಿದ್ರೆ ಮತ್ತೆ ಕೆಡಿಸ್ತಾರೆ. ಬೆಳಿಗ್ಗೆ ಬೆಳಿಗ್ಗೆ ತಂಪು ಹೊತ್ತಲ್ಲಿ ನೀವೇ ಒಂದು ಸುತ್ತು ತಳ್ಳಿಬಿಡಿ, ಪ್ರೂಫಣ್ಣ."

"ಅಮ್ಮಾ, ನಾನು ಬೆಳಿಗ್ಗೆ..."

"ನಮ್ಮ ಹಿತ್ತಲಿದೂ ಸ್ವಲ್ಪ ಸೇರಿಸ್ಕೊಳ್ಳಿ" ಎಂದ ಡ್ರೈವರ್. "ನಂದು ಜಾಸ್ತಿ ಇಲ್ಲ, ಕಾಲರ್ ಅಂಚಿನಷ್ಟು" ಎಂದ ಟೈಲರ್.

ಪ್ರೂಫಣ್ಣ ದಿಕ್ಕು ತೋಚದೆ ಹೆಂಡತಿಯ ಕಡೆ ನೋಡಿದ. ಅವಳು ಎಣ್ಣೆ ಹೊಗೆ ಕುಡಿದ ಹಾಸನ್ನು ಹಿಡಿದುಕೊಂಡು ಕಾಂಪೌಂಡಿನ ಆಚೆ ನಿಂತಿದ್ದಳು. "ಅದಕ್ಕೇನಂತೆ ಅಮ್ಮಾ" ಎಂದಳು, ಒಂದೊಂದೇ ಶಬ್ದವನ್ನು ಹಿಂಡಿ. "ಹೇಗೂ ಅವರಿಗೆ ಮಲಗೋಕೆ ಹಾಸಿಗೆ ಇಲ್ಲ. ಮಾಡ್ತಾರೆ."

ಅಲ್ಲಿಗೆ ತೀರ್ಮಾನವಾಯಿತು.

ಸಂಜೆ, ಮೈಗೆ ಅಂಟಿದ ಪೆಟ್ರೋಲಿನ ವಾಸನೆಯನ್ನು ಎರಡು ಸಲ ತೊಳೆದುಕೊಂಡು, ಉರಿಯುವ ಕಣ್ಣುಗಳನ್ನು ಹೊತ್ತು, ಪ್ರೂಫಣ್ಣ ಕೆಲಸಕ್ಕೆ ಹೊರಟ. ಗೇಟಿನ ಬಳಿ ಮಾಸ್ತರರು ಕಾದಿದ್ದರು. ಹಿಂದೆ ಮುಂದೆ ನೋಡಿ, ಹತ್ತಿರ ಬಂದು, ಪಿಸುಗುಟ್ಟಿದರು:

"ಆ ಟ್ಯಾಪು ಮುಚ್ಚಿಡ್ತಿದ್ದವನು ನಾನೇ ಕಣ್ರೀ."

ಪ್ರೂಫಣ್ಣನಿಗೆ ಮೊದಲು ಅರ್ಥವಾಗಲಿಲ್ಲ.

"ಅಳಿಯ ಮಿಷನ್ನು ತಂದುಕೊಟ್ಟ ದಿನವೇ ನನಗೆ ಗೊತ್ತಾಯ್ತು, ಇನ್ನು ಬದುಕೆಲ್ಲ ಇದನ್ನ ತಳ್ಳೋದೇ ಗತಿ ಅಂತ. ಆಗಿಂದ ಟ್ಯಾಪು ಮುಚ್ಚಿ ದಿನಾ ಹಗ್ಗ ಎಳೀತಿದ್ದೆ. ಅವಳಿಗೆ ಕೇಳಿಸ್ಬೇಕಲ್ಲ? ನಾನು ಪ್ರಯತ್ನ ಪಡ್ತಿದ್ದೀನಿ ಅಂತ ನಂಬಿಕೆ ಬರ್ಬೇಕಲ್ಲ? ಇವತ್ತು ನೀವೂ ಸೋತು ಬಿಟ್ಟಿದ್ರೆ ಗುಜರಿಗೆ ಹೋಗಿರೋದು. ಅದಕ್ಕೇ ಸುಮ್ನೆ ಕೂತಿದ್ದೆ."

ಕಳೆದುಹೋದ ನಿದ್ದೆಗಳೆಲ್ಲ ಸಾಲಾಗಿ ಪ್ರೂಫಣ್ಣನ ಕಣ್ಣೆದುರು ಹಾದುಹೋದವು. ಸಿಟ್ಟು ಮಾಡಿಕೊಳ್ಳಲೂ ಶಕ್ತಿ ಬೇಕು, ಅದು ಅವನಲ್ಲಿರಲಿಲ್ಲ. ಉಳಿದಿದ್ದ ಒಂದೇ ಆಸೆಯಿಂದ ಅವನು ಮಾಸ್ತರರ ಕೈ ಹಿಡಿದುಕೊಂಡ. "ಮಾಸ್ತರೇ, ಆಗಿದ್ದು ಆಯ್ತು. ಇವತ್ತೇ ಹೋಗಿ ಅದನ್ನ ಮತ್ತೆ ಮುಚ್ಚಿಬಿಡಿ. ಹಗ್ಗ ಬೇಕಾದ್ರೆ ಮೆಲ್ಲಗೆ ಎಳೆಯೋಣ."

"ಏನು ಪ್ರಯೋಜನ? ಬೀದಿಗೆ ಬೀದೀನೇ ಕರೆದು ಅಡ್ಡ, ಉದ್ದ ಅಂತ ಪಾಠ ಮಾಡಿದ್ದು ನೀವೇ ತಾನೆ? ಈಗ ಅವಳು ಹೋಗ್ತಾ ಬರ್ತಾ ಬಗ್ಗಿ ನೋಡ್ತಾಳೆ."

ಪ್ರೂಫಣ್ಣ ಅವರ ಕೈ ಬಿಟ್ಟು, ಚೀಲ ಹೆಗಲಿಗೇರಿಸಿ, ಬೀದಿಯುದ್ದಕ್ಕೂ ಕಾಲೆಳೆಯುತ್ತ ಹೊರಟ. ಅಷ್ಟರಲ್ಲಿ ಮಾಸ್ತರರು ಹಿಂದಿನಿಂದ ಓಡೋಡಿ ಬಂದು ಅವನ ತೋಳು ಮುಟ್ಟಿದರು. ಅವರ ದನಿಯಲ್ಲಿ ಬಹಳ ಸಂಕೋಚವಿತ್ತು.

"ಪ್ರೂಫಣ್ಣ, ತಪ್ಪು ತಿಳ್ಕೋಬೇಡಿ, ಒಂದು ಮಾತು. ನಾಳೆ ಸ್ವಲ್ಪ ತಡವಾಗಿ ಶುರು ಮಾಡ್ತೀರಾ? ಇನ್ಮೇಲೆ ಬೆಳಿಗ್ಗೆ ಬೇಗ ಎದ್ದು ಹಗ್ಗ ಎಳೆಯೋ ಕೆಲಸ ನನಗಿಲ್ಲವಲ್ಲ... ಆ ಹೊತ್ತಲ್ಲಿ ನಾನು ಸ್ವಲ್ಪ ನಿದ್ದೆ ಮಾಡೋಣ ಅಂತ."